ನಾನೂರು ಬರಹ, ಇಪ್ಪತ್ತಾರು ವಿಭಾಗ, ಆದರೂ ಅರ್ಧ 'ಇತರೆ': ಏನು ಮಾಡಲಿ?

ಪ್ರಶ್ನೆ: ನಾನು ಗುಳೇದಗುಡ್ಡದವಳು, ನಿವೃತ್ತ ಶಿಕ್ಷಕಿ. ಇಪ್ಪತ್ತು ವರ್ಷದಿಂದ ಸುಮ್ನೆ ನನ್ನ ಖುಷಿಗೆ ಬರೆಯುತ್ತಾ ಬಂದಿದ್ದೇನೆ. ಸುಮಾರು ನಾನೂರು ಬರಹಗಳಿವೆ. ಹಳೆಯವು ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಈಚಿನವು ಫೋನಿನಲ್ಲಿ, ಕೆಲವು ಇನ್ನೂ ನೋಟ್‌ಬುಕ್ಕಿನಲ್ಲೇ ಇವೆ. ವಿಂಗಡಿಸಿ ಇಡೋಣ ಅಂತ ಕೂತೆ, ಇಪ್ಪತ್ತಾರು ವಿಭಾಗ ಆದವು. ಪಟ್ಟಿ ಜೊತೆಗಿಟ್ಟಿದ್ದೇನೆ. ಆದರೂ ಅರ್ಧ ಬರಹ 'ಇತರೆ'ಗೆ ಹೋಗಿವೆ, ಉಳಿದವು ಎರಡು ಮೂರು ಕಡೆ ಹೊಂದುತ್ತವೆ. ಮಗ ಅಂತೂ "ಹುಡುಕಿದರೆ ಸಿಗುತ್ತದಲ್ಲ, ಇದೆಲ್ಲ ಯಾಕೆ" ಅಂತಾನೆ. ಯಾವುದು ಸರಿ?

ಉತ್ತರ:

ಅಕ್ಕೋರೇ, ಪಟ್ಟಿ ನೋಡಿದೆ. ಮೊದಲ ಕೆಲವನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಬೇರೆಯವರಿಗೂ ಗೊತ್ತಾಗಲಿ: ಪ್ರವಾಸ, ಅಡುಗೆ, ಬಾದಾಮಿ, ಕವನ, ಅವ್ವನ ನೆನಪು, 2019, ಹಬ್ಬ, ಶಾಲೆ, ನೇಕಾರಿಕೆ, ಲಾಕ್‌ಡೌನ್, ಹರಟೆ, ಇತರೆ.

ಇಪ್ಪತ್ತಾರು ಜಾಸ್ತಿ ಆಯಿತು ಅಂತ ನೀವು ಹೆದರಿದ್ದೀರಿ. ಆದರೆ ತೊಂದರೆ ಇರೋದು ಲೆಕ್ಕದಲ್ಲಿ ಅಲ್ಲ. 'ಅಡುಗೆ' ಅಂದರೆ ಬರಹ ಯಾವುದರ ಬಗ್ಗೆ ಅಂತ ಹೇಳಿದಂತಾಯಿತು. 'ಬಾದಾಮಿ' ಅಂದರೆ ಎಲ್ಲಿ ಅಂತ. 'ಕವನ' ಅನ್ನೋದು ಬರಹದ ರೂಪ. '2019' ಯಾವಾಗ ಅನ್ನೋದು, 'ಅವ್ವನ ನೆನಪು' ಯಾರು ಅನ್ನೋದು. ಐದು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು ಒಂದೇ ಸಾಲಿನಲ್ಲಿ ಕೂತಿವೆ. ನೀವು 2019ರಲ್ಲಿ ಅವ್ವನನ್ನು ಕರೆದುಕೊಂಡು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ಬಂದು ಒಂದು ಕವನ ಬರೆದಿದ್ದರೆ ಅದು ಪ್ರವಾಸಕ್ಕೂ ಹಬ್ಬಕ್ಕೂ ಬಾದಾಮಿಗೂ ಕವನಕ್ಕೂ ಅವ್ವನಿಗೂ 2019ಕ್ಕೂ ಹೊಂದುತ್ತದೆ. ಹೊಂದಲೇಬೇಕು. ಅದು ನಿಮ್ಮ ಗೊಂದಲ ಅಲ್ಲ, ಪಟ್ಟಿಯೇ ಹಾಗಿದೆ.

ನಾನು ವಿಜಯಪುರದಲ್ಲಿ ಕಾಲೇಜು ಗ್ರಂಥಾಲಯದ ಕೆಲಸ ಮಾಡಿದವನು. ನಮ್ಮ ವೃತ್ತಿಯಲ್ಲಿ ಇದು ಹಳೇ ತಲೆನೋವು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪುಸ್ತಕಗಳಿಗೆ ದಶಮಾಂಶ ಸಂಖ್ಯೆಯ ಪದ್ಧತಿ ತಂದರು. ಇಡೀ ಜ್ಞಾನವನ್ನು ಹತ್ತು ದೊಡ್ಡ ವಿಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಹತ್ತು ಒಡೆಯುತ್ತಾ ಹೋದರು. ನಮ್ಮ ದೇಶದ ಗ್ರಂಥಪಾಲಕ ಎಸ್. ಆರ್. ರಂಗನಾಥನ್ ಅವರು 1933ರ ತಮ್ಮ ಕೋಲನ್ ವರ್ಗೀಕರಣ ಪದ್ಧತಿಯಲ್ಲಿ ಬೇರೆ ದಾರಿ ಹಿಡಿದರು. ಒಂದು ಪುಸ್ತಕ ಒಂದೇ ಪ್ರಶ್ನೆಗೆ ಉತ್ತರ ಅಲ್ಲ, ಅದರಲ್ಲಿ ವಸ್ತು ಇದೆ, ಕ್ರಿಯೆ ಇದೆ, ಜಾಗ ಇದೆ, ಕಾಲ ಇದೆ, ಇವನ್ನು ಒಂದರೊಳಗೊಂದು ಕಲಸದೆ ಬೇರೆ ಬೇರೆಯಾಗಿ ಗುರುತಿಸಿ ಆಮೇಲೆ ಜೋಡಿಸಿ ಅಂದರು. ನಿಮಗೆ ಅವರ ಸಂಖ್ಯೆ, ಚಿಹ್ನೆ ಯಾವುದೂ ಬೇಡ. ಆ ಒಂದು ಮಾತು ಸಾಕು. ವಿಭಾಗಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಬರಹ ಯಾವುದರ ಬಗ್ಗೆ? ಎಲ್ಲಿ, ಯಾವಾಗ, ಯಾರು, ಯಾವ ರೂಪ ಅನ್ನೋದೆಲ್ಲ ಬೇರೆ ಗುರುತುಗಳಾಗಿ ಇರಲಿ. ಅವನ್ನು ಟ್ಯಾಗ್ ಅಂತಲೇ ಕರೆಯೋಣ, ಈಗ ಎಲ್ಲರ ಬಾಯಲ್ಲೂ ಅದೇ ಇದೆ.

ಅಂದರೆ ಒಂದು ಬರಹಕ್ಕೆ ವಿಭಾಗ ಒಂದೇ. ಟ್ಯಾಗ್ ಎಷ್ಟಾದರೂ ಇರಬಹುದು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಉಪಾಯ ಅಂದುಕೊಳ್ಳಬೇಡಿ. ನಮ್ಮ ವಚನಗಳನ್ನೇ ನೋಡ್ರಿ. ಪ್ರತಿ ವಚನದೊಳಗೆ ಅಂಕಿತ ಇರುತ್ತದೆ. ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣ, ಗುಹೇಶ್ವರ ಅಂತ ಬಂದರೆ ಅಲ್ಲಮ. ಯಾರದು ಅನ್ನೋ ಗುರುತು ವಚನದ ಜೊತೆಗೇ ಹೋಗುತ್ತದೆ, ಅದನ್ನು ಯಾವ ಕಟ್ಟಿನಲ್ಲಿಟ್ಟರೂ ಅಳಿಯೋದಿಲ್ಲ. ಮುಂದೆ ವಚನಗಳನ್ನು ಕೂಡಿಸಿದವರು ಅವನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತ ಆರು ಸ್ಥಲಗಳಲ್ಲಿ, ಅಂದರೆ ಸಾಧನೆಯ ಆರು ಮೆಟ್ಟಿಲುಗಳ ಪ್ರಕಾರ ಜೋಡಿಸಿದರು. ಸ್ಥಲಕಟ್ಟು ಅನ್ನುತ್ತಾರಲ್ಲ, ಅದು. ಒಂದೇ ವಚನ ಒಂದು ಸಂಕಲನದಲ್ಲಿ ಒಂದು ಸ್ಥಲದಲ್ಲಿ, ಇನ್ನೊಂದರಲ್ಲಿ ಬೇರೆ ಸ್ಥಲದಲ್ಲಿ ಸಿಗೋದುಂಟು. ವಿಭಾಗ ಅನ್ನೋದು ಜೋಡಿಸಿದವರ ತೀರ್ಮಾನ, ವಚನದ ಹುಟ್ಟುಗುಣ ಅಲ್ಲ. ಫ. ಗು. ಹಳಕಟ್ಟಿ ಅವರು ನಮ್ಮ ವಿಜಯಪುರದಲ್ಲಿ ವಕೀಲಿಕೆ ಮಾಡಿಕೊಂಡೇ ತಾಡೋಲೆಗಳನ್ನು ಹುಡುಕಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಮಾಡಿಸಿದಾಗ ಅವರ ಮುಂದೆ ಎಂಥಾ ರಾಶಿ ಇದ್ದಿರಬೇಕು ಅಂತ ಆಗಾಗ ಯೋಚಿಸುತ್ತೇನೆ. ನಮ್ಮ ನಾನೂರು ಬರಹ ಯಾವ ಲೆಕ್ಕ ಬಿಡಿ.

ಹಾಗಾಗಿ "ಇದು ಸರಿಯಾದ ವಿಭಾಗವಾ" ಅಂತ ಒಂದೊಂದು ಬರಹ ಹಿಡಿದು ಅರ್ಧ ಗಂಟೆ ಕೂರಬೇಡಿ. ನೀವು ಎಲ್ಲಿ ಹುಡುಕುತ್ತೀರೋ ಅಲ್ಲಿಡಿ, ಅಷ್ಟೇ.

ಈಗ ಕೆಲಸ ಹೇಗೆ ಶುರು ಮಾಡೋದು. ಮೊದಲು ಆ ಇಪ್ಪತ್ತಾರರ ಪಟ್ಟಿ ಮುಚ್ಚಿಡಿ. ಎಲ್ಲರೂ ಮಾಡೋದೇ ಇದು. ಮೊದಲು ಹೆಸರು ಬರೆದುಕೊಳ್ಳುತ್ತಾರೆ, ಆಮೇಲೆ ಬರಹಗಳನ್ನು ಅದರೊಳಗೆ ತುರುಕುತ್ತಾರೆ. ಪತ್ರಿಕೆಗಳಲ್ಲಿ ಕಂಡ ಹೆಸರುಗಳೇ ತಲೆಗೆ ಬರುತ್ತವೆ: ಪ್ರವಾಸ, ಆರೋಗ್ಯ, ಸಾಹಿತ್ಯ, ಚಿಂತನ. ನೀವು ಆರೋಗ್ಯದ ಬಗ್ಗೆ ಬರೆದೇ ಇಲ್ಲದಿದ್ದರೂ ಆ ಡಬ್ಬಿ ಖಾಲಿ ಕೂತಿರುತ್ತದೆ. ಹೆಸರು ಮಾಡಿದವರ ಮುಂದೆ ಯಾವ ರಾಶಿ ಇತ್ತೋ ವಿಭಾಗಗಳೂ ಹಾಗೇ ಇರುತ್ತವೆ. ಡ್ಯೂಯಿ ಪದ್ಧತಿಯಲ್ಲಿ ಧರ್ಮಕ್ಕೆ 200ರಿಂದ 299ರ ತನಕ ಜಾಗ ಇದೆ. ಅದರಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೇ ಹೋಗಿದೆ, ಜಗತ್ತಿನ ಉಳಿದೆಲ್ಲ ಧರ್ಮಗಳು 290ರ ಆಸುಪಾಸಿನಲ್ಲಿ ಒತ್ತಿಕೊಂಡು ಕೂತಿವೆ. ಇಡೀ ಕನ್ನಡ ಸಾಹಿತ್ಯ 894.814 ಅನ್ನೋ ಒಂದು ಚಿಕ್ಕ ಮೂಲೆಯಲ್ಲಿ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೂತು ಮಾಡಿದ್ದು, ಹಾಗಾಯಿತು. ನೀವೂ ಬೇರೆಯವರ ಪಟ್ಟಿ ಎತ್ತಿಕೊಂಡರೆ ನಿಮ್ಮ ಜೀವನದ ದೊಡ್ಡ ಭಾಗ 'ಇತರೆ' ಆಗುತ್ತದೆ. ಈಗ ಆಗಿರೋದೂ ಅದೇ.

ಅದಕ್ಕೆ ಹೀಗೆ ಮಾಡಿ. ನೂರು ಬರಹ ಆರಿಸಿ. ಆರಿಸಿ ಅಂದರೆ ಚೆನ್ನಾಗಿರೋವು ಅಂತಲ್ಲ, ಎಲ್ಲ ಕಾಲದಿಂದಲೂ ಸ್ವಲ್ಪ ಸ್ವಲ್ಪ. ಒಂದೊಂದರ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ, ಕೆಳಗೆ ಒಂದೇ ಸಾಲಿನಲ್ಲಿ ಅದು ಯಾವುದರ ಬಗ್ಗೆ ಅಂತ ಬರೆಯಿರಿ. ಒಂದು ಸಾಲು ಮುಖ್ಯ, ಯಾಕೆಂದರೆ ಶೀರ್ಷಿಕೆಗಳು ಮೋಸ ಮಾಡುತ್ತವೆ. 'ಮರೆಯದ ಮುಸ್ಸಂಜೆ' ಅಂತ ಇಟ್ಟಿರುತ್ತೀರಿ, ಒಳಗೆ ಸಿಇಟಿ ಪರೀಕ್ಷೆ ಕಥೆ ಇರುತ್ತದೆ. ಚೀಟಿಗಳನ್ನು ನೆಲದ ಮೇಲೆ ಹರಡಿ, ಜೊತೆಗಿರಬೇಕು ಅನಿಸಿದ್ದನ್ನ ಗುಂಪು ಮಾಡಿ. ಗುಂಪಿಗೆ ಹೆಸರಿಡೋದು ಕೊನೆಗೆ. ಕಂಪ್ಯೂಟರಿನಲ್ಲಿ ಮಾಡಬಹುದಲ್ಲ ಅಂದರೆ ಮಾಡಬಹುದು, ಆದರೆ ಪರದೆಯ ಮೇಲೆ ನೂರು ಒಟ್ಟಿಗೆ ಕಾಣೋದಿಲ್ಲ. ನೆಲದ ಮೇಲೆ ಕಾಣುತ್ತವೆ. ಮೊಮ್ಮಕ್ಕಳು ಮಲಗಿದ ಮೇಲೆ ಮಾಡಿದರೆ ಒಳ್ಳೇದು.

ಹಾಗೆ ಗುಂಪು ಮಾಡಿದಾಗ ನಿಮಗೇ ಗೊತ್ತಿಲ್ಲದ ವಿಭಾಗಗಳು ಹೊರಗೆ ಬರುತ್ತವೆ. ನಿಮ್ಮ ಪಟ್ಟಿಯ '2019' ತೆಗೆದು ನೋಡ್ರಿ. ಅದರಲ್ಲಿ ಇರೋದು ಬಹುತೇಕ ಆ ವರ್ಷದ ಆಗಸ್ಟ್ ನೆರೆ ಇರಬೇಕು, ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿದ್ದವಲ್ಲ. ಹಾಗಾದರೆ ಅದು ವರ್ಷದ ವಿಭಾಗ ಅಲ್ಲ, ನೆರೆಯ ವಿಭಾಗ. ಆಮೇಲೆ ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆ ಮುಳುಗಿದ್ದು, ನಿಮ್ಮ ಬಳಗದವರು ಮನೆ ಬಿಟ್ಟು ನವನಗರಕ್ಕೆ ಹೋಗಿದ್ದು ಅಂತ ನೀವು ಬರೆದಿದ್ದು ಈಗ 'ಇತರೆ'ಯಲ್ಲಿದೆ ಅಂದಿರಿ. ಅದೂ ನೆರೆಯೂ ಒಂದೇ ಗುಂಪಿಗೆ ಬರಬಹುದು. 'ಹೊಳೆ ಮತ್ತು ಮುಳುಗಡೆ' ಅಂತ ಒಂದು ವಿಭಾಗ. ಇಂಥ ವಿಭಾಗ ಯಾವ ಸಿದ್ಧ ಪಟ್ಟಿಯಲ್ಲೂ ಸಿಗೋದಿಲ್ಲ, ಆದರೆ ನಮ್ಮ ಜಿಲ್ಲೆಯವರು ಯಾರೇ ಓದಿದರೂ ಒಳಗೆ ಏನಿದೆ ಅಂತ ತಕ್ಷಣ ತಿಳಿಯುತ್ತದೆ. ನೇಕಾರಿಕೆ ಹಾಗೇ ಇರಲಿ. ಗುಳೇದಗುಡ್ಡದಲ್ಲಿ ಕೂತು ಖಣದ ಬಗ್ಗೆ, ಮಗ್ಗದ ಬಗ್ಗೆ ಬರೆದಿದ್ದಕ್ಕೆ ಅದರದೇ ಜಾಗ ಬೇಕು.

'ಲಾಕ್‌ಡೌನ್' ಬಗ್ಗೆ ಒಂದು ಎಚ್ಚರ. 2020ರಲ್ಲಿ ಬರೆದದ್ದೆಲ್ಲ ಲಾಕ್‌ಡೌನ್ ಬಗ್ಗೆ ಅಲ್ಲ. ಮನೆಯಲ್ಲಿ ಕೂತು ಬಾಲ್ಯದ ಬಗ್ಗೆ ಬರೆದಿದ್ದರೆ ಅದು ಬಾಲ್ಯದ್ದೇ. ಬರೆದ ಕಾಲ ಬೇರೆ, ಬರಹದೊಳಗಿನ ಕಾಲ ಬೇರೆ. ಎರಡನ್ನೂ ಗುರುತು ಹಾಕಬಹುದು, ಕಲಸಬಾರದು.

ಎಳ್ಳಮವಾಸ್ಯೆಗೆ ಹೊಲದಲ್ಲಿ ನೈವೇದ್ಯ ಚೆಲ್ಲೋ ಚರಗದ ಬರಹವನ್ನು ಮಾದರಿಯಾಗಿ ಕಳಿಸಿದ್ದಿರಿ, ಎಲ್ಲಿಡಬೇಕು ಅಂತ. ಚೆಂದ ಬರೆದಿದ್ದೀರಿ. ಅದರಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಇದೆ, ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗೋದಿದೆ, ಬಿಳಿಜೋಳದ ಬೆಳೆಗೆ ಚರಗ ಚೆಲ್ಲೋದಿದೆ, ಅವ್ವ ಬೈಯೋದಿದೆ. ಅಡುಗೆಯಾ, ಹಬ್ಬವಾ, ಒಕ್ಕಲುತನವಾ, ಅವ್ವನಾ? ನಾನು ಕೇಳೋದು ಇಷ್ಟೇ: ಇದರಿಂದ ಯಾವುದನ್ನ ತೆಗೆದರೆ ಬರಹವೇ ಬಿದ್ದುಹೋಗುತ್ತದೆ? ಹೋಳಿಗೆ ತೆಗೆದರೂ ನಿಲ್ಲುತ್ತದೆ. ಅವ್ವನ ಬೈಗುಳ ತೆಗೆದರೆ ಸಪ್ಪೆ ಆಗುತ್ತದೆ, ಆದರೂ ನಿಲ್ಲುತ್ತದೆ. ಹಬ್ಬ ತೆಗೆದರೆ ಏನೂ ಉಳಿಯೋದಿಲ್ಲ. ಹಾಗಾಗಿ ವಿಭಾಗ 'ಹಬ್ಬ, ಜಾತ್ರೆ'. ಅವ್ವ, ಹೊಲ, ಸಜ್ಜಿ ರೊಟ್ಟಿ ಟ್ಯಾಗ್. ಶೇಂಗಾ ಹೋಳಿಗೆ ಮಾಡೋ ವಿಧಾನವನ್ನೇ ಅಳತೆ ಸಮೇತ ಬರೆದಿದ್ದರೆ ಆಗ ಅಡುಗೆ ಅನ್ನುತ್ತಿದ್ದೆ.

'ಅವ್ವನ ನೆನಪು' ಹೋಗಬೇಕಾ ಅಂತ ಬೇಜಾರಾಗಬೇಡಿ. ಅವ್ವ ಟ್ಯಾಗ್ ಆದರೆ ಅಡುಗೆಯಲ್ಲಿ, ಹಬ್ಬದಲ್ಲಿ, ಶಾಲೆಯಲ್ಲಿ, ಎಲ್ಲ ಕಡೆ ಚದುರಿರೋ ಅವ್ವ ಒಂದೇ ಕಡೆ ಸಿಗುತ್ತಾಳೆ. ವಿಭಾಗ ಮಾಡಿದರೆ ಆ ಡಬ್ಬಿಯೊಳಗೆ ಇದ್ದಷ್ಟೇ. ಕವನದ ವಿಷಯದಲ್ಲಿ ಮಾತ್ರ ನನ್ನ ನಿಯಮ ನಾನೇ ಮುರಿಯುತ್ತೇನೆ. ರೂಪ ನೋಡಿ ವಿಭಾಗ ಮಾಡಬಾರದು ಅಂದೆ, ಸರಿ, ಆದರೆ ಕವನ ಓದಬೇಕು ಅನಿಸಿದವರು ನೇಕಾರಿಕೆ ಬಗ್ಗೆ ಓದೋಣ ಅಂತ ಬರೋದಿಲ್ಲ, ಕವನ ಓದೋಣ ಅಂತಲೇ ಬರುತ್ತಾರೆ. ಅದೊಂದನ್ನ ಬೇರೆ ಇಡಿ. 'ಹರಟೆ' ಬೇಡ. ಹರಟೆ ಯಾವುದರ ಬಗ್ಗೆಯೋ ಅಲ್ಲಿಗೆ ಹೋಗಲಿ.

ಎಷ್ಟು ವಿಭಾಗ ಇರಬೇಕು? ನಾನೂರು ಬರಹಕ್ಕೆ ಏಳರಿಂದ ಹತ್ತು ಸಾಕು ಅನ್ನೋದು ನನ್ನ ಅನುಭವ. ಇದಕ್ಕೆ ಶಾಸ್ತ್ರ ಏನಿಲ್ಲ. ಪಟ್ಟಿ ನೋಡದೆ ನಿಮ್ಮ ವಿಭಾಗಗಳನ್ನೆಲ್ಲ ಬಾಯಲ್ಲಿ ಹೇಳಲು ಬರಬೇಕು, ಅಷ್ಟು. ಎರಡು ಮೂರೇ ಬರಹ ಇರೋ ವಿಭಾಗ ಇದ್ದರೆ ಪಕ್ಕದ್ದರಲ್ಲಿ ಸೇರಿಸಿ. ಒಂದರಲ್ಲೇ ನೂರು ದಾಟಿದರೆ ಒಡೆಯೋ ಯೋಚನೆ ಮಾಡಿ, ಆದರೆ ಒಡೆಯೋ ಮೊದಲು ಟ್ಯಾಗ್ ಸಾಲೋದಿಲ್ಲವಾ ಅಂತ ನೋಡಿ. ವಿಭಾಗದೊಳಗೆ ಉಪವಿಭಾಗ, ಅದರೊಳಗೆ ಇನ್ನೊಂದು, ಅದಕ್ಕೆ ಹೋಗಲೇಬೇಡಿ. ಮೂರನೇ ಮೆಟ್ಟಿಲಲ್ಲಿ ಇಟ್ಟದ್ದು ಮತ್ತೆ ಕಣ್ಣಿಗೆ ಬೀಳೋದಿಲ್ಲ. 'ಇತರೆ' ಇರಲಿ, ಅದು ಅವಮಾನ ಅಲ್ಲ. ವರ್ಷಕ್ಕೊಮ್ಮೆ ಅದನ್ನ ಸುರುವಿ ನೋಡಿ. ಒಂದೇ ಜಾತಿಯವು ಐದಾರು ಸಿಕ್ಕರೆ ಹೊಸ ವಿಭಾಗ ಹುಟ್ಟಿತು ಅಂತ ಲೆಕ್ಕ.

ಊರಿನ ಟ್ಯಾಗ್ ಹಾಕುವಾಗ ಜಿಲ್ಲೆಯ ಹೆಸರು ನೆಚ್ಚಬೇಡಿ. ಇದನ್ನ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1997ರ ತನಕ ಬಾದಾಮಿ, ಹುನಗುಂದ, ಮುಧೋಳ ಎಲ್ಲ ಬಿಜಾಪುರ ಜಿಲ್ಲೆ. ಆ ವರ್ಷ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು, ಬೆಳಗಾವಿ ಇಂಗ್ಲಿಷಿನಲ್ಲೂ ಬೆಳಗಾವಿ ಆಯಿತು. ಆಮೇಲೆ ತಾಲೂಕುಗಳು ಒಡೆದವು, ನಿಮ್ಮ ಗುಳೇದಗುಡ್ಡವೂ ತಾಲೂಕಾಯಿತು. ನೀವು ನಿಮ್ಮ ಹೈಸ್ಕೂಲು ದಿನಗಳ ಬಗ್ಗೆ ಬರೆದಿದ್ದರಲ್ಲಿ 'ಬಿಜಾಪುರ ಜಿಲ್ಲೆ' ಅಂತ ಇರುತ್ತದೆ, ಹೋದ ವರ್ಷದ್ದರಲ್ಲಿ 'ಬಾಗಲಕೋಟೆ ಜಿಲ್ಲೆ', ಊರು ಮಾತ್ರ ಅದೇ ಊರು. ಬರಹದೊಳಗೆ ಹಳೇ ಹೆಸರು ತಿದ್ದಬೇಡಿ, ಅದು ಆ ಕಾಲದ ಸಾಕ್ಷಿ. ಟ್ಯಾಗಿನಲ್ಲಿ ಊರಿನ ಹೆಸರು ಮಾತ್ರ ಹಾಕಿ, ಜಿಲ್ಲೆ ಬೇಡ. ಅದನ್ನೂ ಒಂದೇ ತರಹ ಬರೆಯಬೇಕು. ಬದಾಮಿ, ಬಾದಾಮಿ, ಇಳಕಲ್, ಇಲಕಲ್, ಇಳಕಲ್ಲ, ಇವುಗಳಲ್ಲಿ ಯಾವುದು ಸರಿ ಅಂತ ಜಗಳ ಬೇಡ, ಒಂದನ್ನ ಹಿಡಿದುಕೊಂಡು ಗೋಡೆಗೆ ಒಂದು ಹಾಳೆ ಅಂಟಿಸಿಕೊಳ್ಳಿ. ಕಂಪ್ಯೂಟರಿಗೆ ಒಂದು ದೀರ್ಘ ತಪ್ಪಿದರೂ ಅದು ಬೇರೆ ಊರು.

ಇಲ್ಲೇ ನಿಮ್ಮ ಮಗನ ಮಾತಿಗೂ ಉತ್ತರ ಇದೆ. ಹುಡುಕಿದರೆ ಸಿಗುತ್ತದೆ, ನಿಜ, ಯಾವ ಪದ ಬಳಸಿದ್ದೆ ಅಂತ ನೆನಪಿದ್ದರೆ. ಒಂದು ಬರಹದಲ್ಲಿ ಅವ್ವ ಅಂತ ಬರೆದಿರುತ್ತೀರಿ, ಇನ್ನೊಂದರಲ್ಲಿ ತಾಯಿ, ಪತ್ರಿಕೆಗೆ ಅಂತ ಬರೆದದ್ದರಲ್ಲಿ ಅಮ್ಮ. ಒಂದು ಕಡೆ ಸಜ್ಜಿ, ಇನ್ನೊಂದು ಕಡೆ ಸಜ್ಜೆ. ಆಮೇಲೆ ತಾನು ಏನೇನು ಬರೆದಿದ್ದೇನೆ ಅಂತಲೇ ಮರೆತವರಿಗೆ ಹುಡುಕೋ ಪೆಟ್ಟಿಗೆಯಲ್ಲಿ ಏನು ಬರೆಯಬೇಕು ಅಂತ ಹೊಳೆಯೋದಿಲ್ಲ. ಇಷ್ಟಲ್ಲದೆ ಮಗನಿಗೆ ಗೊತ್ತಿಲ್ಲದ ಇನ್ನೊಂದು ಗುಟ್ಟಿದೆ: ನಿಮ್ಮ ಹಳೇ ನುಡಿ ಕಡತಗಳಲ್ಲಿ ಹುಡುಕಿದರೆ ಒಂದೂ ಸಿಗೋದಿಲ್ಲ.

ಯಾಕೆಂದರೆ ಹಳೇ 'ನುಡಿ', 'ಬರಹ' ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ, ಫಾಂಟು ಅದರ ಮೇಲೆ ಕನ್ನಡದ ಆಕಾರ ಬಿಡಿಸಿ ತೋರಿಸುತ್ತದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದಲ್ಲ, ನಿಜವಾಗಿ ಒಳಗಿರೋದು ಅದೇ. ಫೋನಿನಲ್ಲಿ ಬರೆದದ್ದು ಯೂನಿಕೋಡ್, ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಎರಡನ್ನೂ ಒಂದೇ ಜಾಗದಲ್ಲಿಟ್ಟು 'ನೇಕಾರ' ಅಂತ ಹುಡುಕಿದರೆ ಫೋನಿನದು ಮಾತ್ರ ಬರುತ್ತದೆ. ಹಾಗಾಗಿ ವಿಂಗಡಿಸುವ ಮೊದಲು ಹಳೆಯವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ. ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಈ ಕೆಲಸವನ್ನ ಮಗನಿಗೇ ಹಚ್ಚಿ, ಬಾಯಿ ಮುಚ್ಚಿಕೊಂಡು ಮಾಡಲಿ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರೋ ಪದಗಳನ್ನ ಒಮ್ಮೆ ಕಣ್ಣಾಡಿಸಿ, ಎಡವಟ್ಟಾದರೆ ಅಲ್ಲೇ ಆಗೋದು. ಮೂಲ ಕಡತ ಅಳಿಸಬೇಡಿ.

ಕಡತಕ್ಕೆ ಹೆಸರಿಡುವಾಗ ದಿನಾಂಕ ಮೊದಲು, ಅದರಲ್ಲೂ ವರ್ಷ ಮೊದಲು: '2016-01-12 ಚರಗ' ಹೀಗೆ. ವರ್ಷ, ತಿಂಗಳು, ದಿನ ಅನ್ನೋ ಕ್ರಮದಲ್ಲಿದ್ದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದರೂ ಕಾಲದ ಪ್ರಕಾರವೇ ಬರುತ್ತದೆ. ನಾವು ಬರೆಯೋ ಹಾಗೆ ದಿನ ಮೊದಲು ಹಾಕಿದರೆ ಎಲ್ಲ ವರ್ಷಗಳ ಒಂದನೇ ತಾರೀಖುಗಳು ಒಂದು ಕಡೆ ಕೂರುತ್ತವೆ. ತಾರೀಖು ನೆನಪಿಲ್ಲದಿದ್ದರೆ ವರ್ಷವಷ್ಟೇ ಹಾಕಿ. ವಿಭಾಗಕ್ಕೊಂದು ಫೋಲ್ಡರ್. ಟ್ಯಾಗುಗಳಿಗೆ ದೊಡ್ಡ ತಂತ್ರಾಂಶ ಏನೂ ಬೇಡ, ಪ್ರತಿ ಬರಹದ ಕೊನೆಗೆ ಒಂದು ಸಾಲು ಸಾಕು. ಜೊತೆಗೆ ಎಕ್ಸೆಲ್‌ನಲ್ಲಿ ಒಂದು ಹಾಳೆ: ಶೀರ್ಷಿಕೆ, ವಿಭಾಗ, ಊರು, ಯಾರು, ಬರೆದ ವರ್ಷ, ಎಲ್ಲಿದೆ. ಇನ್ನೂ ನೋಟ್‌ಬುಕ್ಕಿನಲ್ಲೇ ಇರೋವನ್ನ ಟೈಪ್ ಮಾಡೋ ತನಕ ಕಾಯಬೇಡಿ, ಅವೂ ಹಾಳೆಗೆ ಬರಲಿ. 'ಎಲ್ಲಿದೆ' ಅನ್ನೋ ಕಡೆ 'ಕೆಂಪು ರಟ್ಟಿನ ನೋಟ್‌ಬುಕ್, ಪುಟ 40' ಅಂತ ಬರೆದರೆ ಆಯಿತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಮಾದರಿ ಬರಹಗಳನ್ನ ಓದಿ ಹೇಳಬೇಕು ಅನಿಸಿತು. ಬಳಗದವರ ಜಗಳ, ಆಸ್ತಿ ಪಾಲು, ಸೊಸೆ ಅತ್ತೆ ಮಾತು, ಇವುಗಳ ಬಗ್ಗೆ ಬರೆದದ್ದನ್ನ 'ಖಾಸಗಿ' ಅಂತ ವಿಭಾಗ ಮಾಡಿ ಇಟ್ಟಿದ್ದೀರಿ. ಆ ಹೆಸರು ಕಂಡರೆ ಮನೆಯವರು ಮೊದಲು ತೆರೆಯೋದೇ ಅದನ್ನ. ವಿಭಾಗ ಬೀಗ ಅಲ್ಲ. ಅವನ್ನ ಈ ವ್ಯವಸ್ಥೆಯಿಂದಲೇ ಹೊರಗೆ ತೆಗೆದು, ಪಾಸ್‌ವರ್ಡ್ ಇರೋ ಬೇರೆ ಜಾಗದಲ್ಲಿಡಿ. ಎಕ್ಸೆಲ್ ಹಾಳೆಯಲ್ಲೂ ಅವುಗಳ ಶೀರ್ಷಿಕೆ ಬೇಡ.

ನಾನೂರನ್ನೂ ಒಂದೇ ಸಲ ಮುಗಿಸಲು ಹೋಗಬೇಡಿ. ಚೀಟಿ ಮಾಡಿದ ನೂರು ಮೊದಲು ಫೋಲ್ಡರಿಗೆ ಹೋಗಲಿ. ಆಮೇಲೆ ಹೊಸದಾಗಿ ಬರೆದದ್ದನ್ನ ಬರೆದ ದಿನವೇ ಜಾಗಕ್ಕೆ ಹಾಕಿ. ಹಳೆಯವನ್ನ ಓದಲು ಅಂತ ತೆರೆದಾಗ ಒಂದೊಂದೇ ಸೇರಿಸುತ್ತಾ ಹೋಗಿ. ನಡುವೆ ಯಾವುದಾದರೂ ವಿಭಾಗದ ಹೆಸರು ಬದಲಿಸಿದರೆ ಹಳೇ ಹೆಸರನ್ನ ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ ಬರೆದಿಡಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಹಳೇ ಹೆಸರಿನ ಫೋಲ್ಡರ್ ಹುಡುಕಿ, ಸಿಗದೆ, ಬರಹವೇ ಕಳೆದುಹೋಯಿತು ಅಂತ ಗಾಬರಿ ಆಗುತ್ತೀರಿ.